ನೀರು ತುಂಬಿದ ಕೆರೆ ಬಿಟ್ಟು ಕೆಸರು ಹುಡುಕಿ

ಪ್ರಶ್ನೆ: ಸರ್, ನಾನು ಚಿಕ್ಕಮಗಳೂರಲ್ಲಿ ಹೈಸ್ಕೂಲ್ ಟೀಚರ್. ಹೋದ ವರ್ಷದಿಂದ ಹಕ್ಕಿ ನೋಡೋ ಹುಚ್ಚು ಹತ್ತಿದೆ. ಸೈಬೀರಿಯಾ ಕಡೆಯಿಂದ ಬರೋ ಸ್ಯಾಂಡ್‌ಪೈಪರ್, ಪ್ಲೋವರ್ ಥರದ ಕೆಸರು ಹಕ್ಕಿಗಳು ಆಗಸ್ಟ್‌ನಲ್ಲೇ ವಲಸೆ ಶುರು ಮಾಡ್ತವೆ ಅಂತ ವಿಡಿಯೋಗಳಲ್ಲಿ ನೋಡಿ, ಆಗಸ್ಟ್ ಕೊನೇಲಿ ಗೊರೂರು ಹಿನ್ನೀರಿಗೆ ಎರಡು ಸಲ, ಅಯ್ಯನಕೆರೆಗೆ ಒಂದು ಸಲ ಹೋದೆ. ನೀರುಕಾಗೆ ಬಿಟ್ರೆ ಏನೂ ಕಾಣಲಿಲ್ಲ. ನಮ್ಮ ಕಡೆ ಅವು ಬರೋದೇ ಇಲ್ವಾ? ಬಂದ್ರೆ ಎಲ್ಲಿ, ಯಾವಾಗ ನೋಡ್ಬೇಕು? ಕಂಡ್ರೂ ಎಲ್ಲಾ ಒಂದೇ ಥರ ಕಂದು ಬಣ್ಣ, ಗುರುತು ಹಿಡಿಯೋದು ಹೇಗೆ? ಮಕ್ಕಳನ್ನೂ ಕರ್ಕೊಂಡು ಹೋಗೋ ಆಸೆ ಇದೆ.

ಉತ್ತರ: ಮೇಡಂ, ಬರ್ತವೆ, ಖಂಡಿತ ಬರ್ತವೆ. ನೀವು ಹೋದ ತಿಂಗಳೂ ಸರಿ, ಹೋದ ಜಾಗ ಮಾತ್ರ ಆ ತಿಂಗಳಿಗೆ ಸರಿ ಇರ್ಲಿಲ್ಲ ಅಷ್ಟೇ. ಇದು ಶುರುವಿನಲ್ಲಿ ಸುಮಾರು ಜನಕ್ಕೆ ಆಗತ್ತೆ, ನಾನೂ ಮೊದಲ ಎರಡು ವರ್ಷ ಮಳೆಗಾಲದಲ್ಲಿ ತುಂಬಿದ ಕೆರೆಗಳ ಏರಿ ಮೇಲೇ ಓಡಾಡ್ತಾ ಇದ್ದೆ.

ನೀವು ನೋಡಿದ ವಿಡಿಯೋಗಳು ಯುರೋಪು ಅಮೆರಿಕಾ ಕಡೆಯವು ಇರ್ಬೇಕು. ಅವರಿಗೆ ಆಗಸ್ಟ್ ಅಂದ್ರೆ ಬೇಸಿಗೆಯ ಕೊನೆ, ಕೆರೆ ಕುಂಟೆ ಬತ್ತಿ ಅಂಚಲ್ಲಿ ಕೆಸರು ತೆರ್ಕೊಂಡಿರತ್ತೆ, ಹಕ್ಕಿ ಅಲ್ಲೇ ಇಳಿಯತ್ತೆ. ನಮಗೆ ಅದೇ ಆಗಸ್ಟ್ ಶ್ರಾವಣ ಮಾಸ, ಗೊರೂರಿನ ಹೇಮಾವತಿ ಡ್ಯಾಂ ತುಂಬೋ ಕಾಲ. ಹಕ್ಕಿಯ ಕ್ಯಾಲೆಂಡರ್ ಅಲ್ಲಿಯ ಬೇಸಿಗೆಗೆ ಹೊಂದ್ಕೊಂಡಿದೆ, ನಮ್ಮ ನೀರಿನ ಕ್ಯಾಲೆಂಡರ್ ಮುಂಗಾರಿಗೆ ಹೊಂದ್ಕೊಂಡಿದೆ, ಇವೆರಡೂ ಆಗಸ್ಟ್‌ನಲ್ಲಿ ಸಂಧಿಸಿದಾಗ ದೊಡ್ಡ ನೀರಿನ ಹತ್ರ ಹಕ್ಕಿಗೆ ಕಾಲಿಡೋಕೇ ಜಾಗ ಇರಲ್ಲ. ಈ ಹಕ್ಕಿಗಳು ಈಜಿ ತಿನ್ನೋವಲ್ಲ, ನಡೆದು ತಿನ್ನೋವು. ಲಿಟಲ್ ಸ್ಟಿಂಟ್ ಅನ್ನೋ ಪುಟ್ಟ ಹಕ್ಕಿ ಇದೆಯಲ್ಲ, ಅದರ ತೂಕ ಸುಮಾರು 25 ಗ್ರಾಂ, ಕೊಕ್ಕು ಎರಡು ಸೆಂಟಿಮೀಟರ್ ಆಸುಪಾಸು, ಅದಕ್ಕೆ ಬೇಕಾಗಿರೋದು ಪಾದ ಮುಳುಗೋಷ್ಟು ನೀರು ಇಲ್ಲಾಂದ್ರೆ ಬರೀ ಒದ್ದೆ ಕೆಸರು. ಗೊರೂರಲ್ಲಿ ಆಗಸ್ಟ್‌ನಲ್ಲಿ ನೀರು ಹುಲ್ಲುಗಾವಲಿಗೆ, ಪೊದೆಗೆ ನೇರವಾಗಿ ಬಂದು ತಾಗಿರತ್ತೆ, ಮಧ್ಯೆ ಕೆಸರಿನ ಪಟ್ಟಿನೇ ಇಲ್ಲ. ಅಯ್ಯನಕೆರೆ, ಮದಗದ ಕೆರೆ ಎರಡಕ್ಕೂ ಬಾಬಾಬುಡನ್ ಬೆಟ್ಟದ ಕಡೆಯಿಂದ ಹಳ್ಳದ ನೀರು ಬರತ್ತೆ, ಆಗ ಅಲ್ಲೂ ಅದೇ ಕಥೆ. ಅಲ್ಲಿ ನೀರುಕಾಗೆಗೆ ಹಬ್ಬ, ಕೆಸರು ಹಕ್ಕಿಗೆ ಉಪವಾಸ.

ಹಂಗಾದ್ರೆ ಎಲ್ಲಿ ನೋಡ್ಬೇಕು ಅಂದ್ರೆ, ಮೊದಲನೇ ಜಾಗ ನಾಟಿ ಗದ್ದೆ. ಬೇಲೂರು, ಆಲೂರು, ಚಿಕ್ಕಮಗಳೂರು ಸುತ್ತಮುತ್ತ ಜುಲೈ ಆಗಸ್ಟ್‌ನಲ್ಲಿ ಗದ್ದೆ ಉತ್ತು ನೀರು ಕಟ್ಟಿ ಟಿಲ್ಲರ್ ಹೊಡೆದು ಹದ ಮಾಡ್ತಾರಲ್ಲ, ಆ ಕೆಸರಲ್ಲಿ ಎರೆಹುಳ, ಹುಳದ ಮರಿ, ಸಣ್ಣ ಬಸವನಹುಳ ಎಲ್ಲಾ ಮೇಲೆ ಬಂದಿರತ್ತೆ. ಬೆಳ್ಳಕ್ಕಿ ಟಿಲ್ಲರ್ ಹಿಂದೆ ಸಾಲಾಗಿ ಹೋಗೋದನ್ನ ಎಲ್ಲರೂ ನೋಡಿರ್ತೀವಿ, ಆದ್ರೆ ಅದೇ ಗದ್ದೆಯ ಆ ಕಡೆ ಮೂಲೇಲಿ, ಬದುವಿನ ಪಕ್ಕ, ಮಣ್ಣಿನ ಹೆಂಟೆ ಥರ ಕೂತಿರೋ ನಾಲ್ಕು ಹಕ್ಕಿ ಕಣ್ಣಿಗೆ ಬೀಳಲ್ಲ, ಅವೇ ವುಡ್ ಸ್ಯಾಂಡ್‌ಪೈಪರ್. ನಾಟಿ ಆದ್ಮೇಲೂ ಸುಮಾರು ಮೂರು ನಾಲ್ಕು ವಾರ ಪೈರು ಸಣ್ಣದಿರತ್ತೆ, ಮಧ್ಯೆ ಮಧ್ಯೆ ನೀರು ಕಾಣ್ತಿರತ್ತೆ, ಅಲ್ಲಿಯ ತನಕ ಅವು ಇರ್ತವೆ, ಪೈರು ತುಂಬ್ಕೊಂಡು ನೆಲ ಮುಚ್ಚಿದ ಮೇಲೆ ಬೇರೆ ಕಡೆ ಹೋಗ್ತವೆ. ಹೊಳೆನರಸೀಪುರ, ಚನ್ನರಾಯಪಟ್ಟಣ ಕಡೆ ನಾಲೆಗೆ ನೀರು ಬಿಟ್ಟ ಮೇಲೆ ನಾಟಿ ಮಾಡೋದ್ರಿಂದ ಅಲ್ಲಿ ಇನ್ನೂ ಸ್ವಲ್ಪ ತಡವಾಗಿ ಇದೇ ಅವಕಾಶ ಸಿಗತ್ತೆ. ಅಂದ್ರೆ ಮೇಲಿಂದ ಕೆಳಗಡೆಗೆ ನಾಟಿ ಹೇಗೆ ಇಳಿಯತ್ತೋ ಹಾಗೆ ನೀವೂ ಇಳ್ಕೊಂಡು ಹೋಗ್ಬಹುದು.

ಎರಡನೇದು, ನನಗೆ ತುಂಬಾ ಇಷ್ಟವಾದ್ದು, ಮಳೆ ನೆರಳಿನ ಕೆರೆಗಳು. ಬಾಬಾಬುಡನ್ ಬೆಟ್ಟ ಮೋಡನೆಲ್ಲ ತಡೆದು ಹಿಡ್ಕೊಂಡ್ಮೇಲೆ ಕಡೂರು, ಬೀರೂರು, ಬಾಣಾವರ, ಅರಸೀಕೆರೆ, ಜಾವಗಲ್ ಕಡೆಗೆ ಬರೋದು ಉಳಿದದ್ದು. ಮಲೆನಾಡಿನ ಪಟ್ಟಿಯಲ್ಲಿ 2000 ಮಿಲಿಮೀಟರ್ ದಾಟೋ ಮಳೆ ಕಡೂರು ಬಯಲಿಗೆ ಬರೋ ಹೊತ್ತಿಗೆ 700ರ ಆಸುಪಾಸಿಗೆ ಇಳಿದಿರತ್ತೆ. ಅಲ್ಲಿಯ ಕೆರೆಗಳು ಎಷ್ಟೋ ವರ್ಷ ಆಗಸ್ಟ್‌ನಲ್ಲಿ ಅರ್ಧನೂ ತುಂಬಿರಲ್ಲ, ಅವಕ್ಕೆ ನೀರು ಬರೋದು ಹಿಂಗಾರು ಜೋರಾಗಿ ಹಿಡಿದ್ರೆ. ಇನ್ನೊಂದು ವಿಷಯ, ಬಯಲುಸೀಮೆಯ ಕೆರೆ ಅಂಗಳ ತಟ್ಟೆ ಥರ ಚಪ್ಪಟೆ, ಒಂದಡಿ ನೀರು ಇಳಿದ್ರೆ ಐವತ್ತು ಅರವತ್ತು ಅಡಿ ಕೆಸರು ತೆರ್ಕೊಳತ್ತೆ, ಮಲೆನಾಡಿನ ಕಣಿವೆ ಕೆರೆ ಬಟ್ಟಲು ಥರ, ಒಂದಡಿ ಇಳಿದ್ರೆ ಒಂದು ಮಾರು ಕೆಸರೂ ಸಿಗಲ್ಲ. ಹಾಗಾಗಿ ಕೆರೆ ಹೆಸರು ಕೇಳ್ಕೊಂಡು ಹೋಗ್ಬೇಡಿ, ಇಳಿಜಾರು ನೋಡ್ಕೊಂಡು ಹೋಗಿ. ಏರಿ ಇರೋ ಕಡೆ ನೀರು ಆಳ, ಅಲ್ಲಿ ನಿಂತು ಪ್ರಯೋಜನ ಇಲ್ಲ, ಅದರ ಎದುರುಗಡೆ, ಹಳ್ಳ ಬಂದು ಸೇರೋ ಬಾಯಿ ಇರತ್ತಲ್ಲ, ದನ ನೀರು ಕುಡಿಯೋಕೆ ಇಳಿಯೋ ಜಾಗ, ಅದನ್ನ ಹುಡುಕಿ. ದನದ ಗೊರಸಿನ ಗುಂಡಿಗಳಲ್ಲಿ ನೀರು ನಿಂತಿರತ್ತೆ, ಅಲ್ಲಿ ಹುಳ ಜಾಸ್ತಿ. ದನ ಕಾಯೋರನ್ನ ಮಾತಾಡಿಸಿ, ಟೂರಿಸ್ಟ್ ಮ್ಯಾಪಲ್ಲಿ ಇಲ್ಲದ ಗೋಕಟ್ಟೆಗಳು ಅವರಿಗೆ ಗೊತ್ತಿರತ್ತೆ. ನಿಮ್ಮೂರಿಂದ ಕಡೂರಿಗೆ ಸುಮಾರು 40 ಕಿಲೋಮೀಟರ್, ಬೇಲೂರಿಗೆ 25ರ ಹತ್ರ, ಎರಡು ಲೋಕದ ನಡುವೆ ಕೂತಿದ್ದೀರಿ, ಒಂದು ಭಾನುವಾರ ಆ ಕಡೆ ಒಂದು ಭಾನುವಾರ ಈ ಕಡೆ ಹೋಗಿ.

ಯಾವಾಗ ಅನ್ನೋದಕ್ಕೆ ನಾನು ಇಂಗ್ಲಿಷ್ ತಿಂಗಳಿಗಿಂತ ಮಳೆ ನಕ್ಷತ್ರದಲ್ಲೇ ಲೆಕ್ಕ ಇಟ್ಕೊಂಡಿದ್ದೀನಿ, ರೈತರ ಹತ್ರ ಮಾತಾಡೋಕೂ ಅದೇ ಸಲೀಸು. ಆಶ್ಲೇಷ ಮಳೆ, ಅಂದ್ರೆ ಆಗಸ್ಟ್ ಮೊದಲ ಎರಡು ವಾರ, ಆ ಹೊತ್ತಿಗೆ ಗ್ರೀನ್ ಸ್ಯಾಂಡ್‌ಪೈಪರ್ ಮತ್ತೆ ಕಾಮನ್ ಸ್ಯಾಂಡ್‌ಪೈಪರ್ ಒಂದೊಂದಾಗಿ ಕಾಣಿಸ್ಕೊಳ್ತವೆ, ಕೆಲವು ಸಲ ಜುಲೈ ಕೊನೆಗೇ ಬಂದಿರ್ತವೆ. ಮಘೆಯಲ್ಲಿ ವುಡ್ ಸ್ಯಾಂಡ್‌ಪೈಪರ್ ಗುಂಪು ಕಟ್ಟತ್ತೆ. ಹುಬ್ಬೆ, ಉತ್ತರೆ ಅಂದ್ರೆ ಸೆಪ್ಟೆಂಬರ್, ಆಗ ಲಿಟಲ್ ಸ್ಟಿಂಟ್, ಗ್ರೀನ್‌ಶಾಂಕ್ ಸೇರ್ಕೊಳ್ತವೆ, ಹಸ್ತ ಮಳೆ ಹೊತ್ತಿಗೆ, ಅಂದ್ರೆ ಸೆಪ್ಟೆಂಬರ್ ಕೊನೆ ಅಕ್ಟೋಬರ್ ಶುರುವಲ್ಲಿ, ಸ್ನೈಪ್, ಗೋಲ್ಡನ್ ಪ್ಲೋವರ್ ಕೂಡ. ವರ್ಷದಿಂದ ವರ್ಷಕ್ಕೆ ಒಂದು ವಾರ ಹತ್ತು ದಿನ ಆಚೀಚೆ ಆಗತ್ತೆ.

ಇಷ್ಟು ಬೇಗ ಯಾಕೆ ಬರ್ತವೆ ಅಂತ ನಿಮ್ಮ ಮಕ್ಕಳು ಕೇಳೇ ಕೇಳ್ತಾರೆ. ಗ್ರೀನ್ ಸ್ಯಾಂಡ್‌ಪೈಪರ್ ಮರಿ ಮಾಡೋದು ಯುರೋಪಿನ ಉತ್ತರ ಭಾಗದಿಂದ ಸೈಬೀರಿಯಾ ತನಕ ಇರೋ ಜೌಗು ಕಾಡುಗಳಲ್ಲಿ, ಅದೂ ನೆಲದ ಮೇಲಲ್ಲ, ಥ್ರಷ್ ಥರದ ಹಕ್ಕಿ ಬಿಟ್ಟು ಹೋದ ಹಳೇ ಗೂಡಲ್ಲಿ, ಮರದ ಮೇಲೆ. ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ಗೂಡಿಂದ ನೆಲಕ್ಕೆ ಧುಮುಕಿ ತಾವೇ ಓಡಾಡಿ ತಿನ್ನೋಕೆ ಶುರು ಮಾಡ್ತವೆ, ತಾಯಿ ತಂದು ತಿನ್ನಿಸೋ ಪದ್ಧತಿ ಅವುಗಳಲ್ಲಿಲ್ಲ. ಹಾಗಾಗಿ ಹೆಣ್ಣು ಹಕ್ಕಿ ಗಂಡಿಗೆ ಮರಿ ಕಾಯೋ ಕೆಲಸ ಬಿಟ್ಟು ಜೂನ್‌ನಲ್ಲೇ ದಕ್ಷಿಣಕ್ಕೆ ಹೊರಟುಬಿಡತ್ತೆ, ಆಮೇಲೆ ಗಂಡು, ಕೊನೇಲಿ ಮರಿಗಳು. ಆ ಮರಿಗಳು ಹಿಂದೆಂದೂ ನೋಡದ ದಾರೀಲಿ, ಅಪ್ಪ ಅಮ್ಮ ಯಾರೂ ಮುಂದಿಲ್ಲದೆ, ಬರೀ ಎರಡು ಮೂರು ತಿಂಗಳ ವಯಸ್ಸಲ್ಲಿ, ನಮ್ಮ ಬಾಣಾವರದ ಗೋಕಟ್ಟೆ ತನಕ ಬರ್ತವೆ. ಇಷ್ಟು ವರ್ಷ ಆದ್ರೂ ಸೆಪ್ಟೆಂಬರ್‌ನಲ್ಲಿ ಮೊದಲ ಮರಿ ಹಕ್ಕಿ ಕಂಡಾಗ ನಾನು ಸ್ವಲ್ಪ ಹೊತ್ತು ಬೈನಾಕ್ಯುಲರ್ ಇಳಿಸಲ್ಲ.

ಮರಿ ಯಾವುದು ದೊಡ್ಡದು ಯಾವುದು ಅಂತ ಗೊತ್ತಾಗೋದು ಗರಿಯಿಂದ. ಆಗಸ್ಟ್‌ನಲ್ಲಿ ಬರೋ ದೊಡ್ಡ ಹಕ್ಕಿ ಮರಿ ಮಾಡಿ ದಣಿದು ಬಂದಿರತ್ತೆ, ಗರಿ ಸವೆದು ಅಂಚು ಹರಿದು ಒಂಥರಾ ಮಾಸಿದ ಕಂಬಳಿ ಥರ ಕಾಣತ್ತೆ. ಸೆಪ್ಟೆಂಬರ್‌ನಲ್ಲಿ ಬರೋ ಮರಿಯ ಗರಿ ಎಲ್ಲಾ ಒಂದೇ ಸಲ ಬೆಳೆದ ಹೊಸ ಗರಿ, ಒಂದೊಂದಕ್ಕೂ ತೆಳು ಬಿಳಿ ಅಂಚು ಇಲ್ಲಾಂದ್ರೆ ಚುಕ್ಕೆ, ಜೋಡಿಸಿಟ್ಟ ಹೆಂಚಿನ ಹಾಗೆ ಅಚ್ಚುಕಟ್ಟು. ಒಂದೇ ಜಾತಿಯ ಎರಡು ಹಕ್ಕಿ ಪಕ್ಕ ಪಕ್ಕ ನಿಂತಾಗ ಬೇರೆ ಬೇರೆ ಜಾತಿ ಅನ್ನಿಸೋಕೆ ಇದೂ ಒಂದು ಕಾರಣ.

ಈಗ ಗುರುತಿನ ವಿಷಯ. ಬಣ್ಣ ಮರೆತುಬಿಡಿ ಮೇಡಂ, ಮೊದಲು ನಡಿಗೆ ನೋಡಿ. ಎರಡು ಮನೆತನ ಅಂತ ಇಟ್ಕೊಳಿ. ಪ್ಲೋವರ್ ಮನೆತನದ್ದು ದೊಡ್ಡ ಕಣ್ಣು, ಗಿಡ್ಡ ಕೊಕ್ಕು, ಗಡಗಡ ಓಡತ್ತೆ, ಟಕ್ ಅಂತ ನಿಲ್ಲತ್ತೆ, ಒಂದು ಸಲ ಕುಕ್ಕತ್ತೆ, ಮತ್ತೆ ಓಡತ್ತೆ, ಅದು ಕಣ್ಣಲ್ಲಿ ನೋಡಿ ಬೇಟೆ ಆಡೋದು. ನಮ್ಮ ಹೊಲದಲ್ಲಿ ಜನ ಕಂಡ್ರೆ ಕೂಗಾಡೋ ಟಿಟ್ಟಿಭನೂ ಇದೇ ಮನೆತನ, ಅದು ವರ್ಷಪೂರ್ತಿ ಇಲ್ಲೇ ಇರೋದು, ಅದನ್ನ ಮನೆ ಹತ್ರನೇ ನೋಡಿ ಓಟದ ಶೈಲಿ ಕಲ್ತ್ಕೊಳಿ. ಸ್ಯಾಂಡ್‌ಪೈಪರ್ ಮನೆತನದ್ದು, ಕನ್ನಡದಲ್ಲಿ ಗೊರವ ಅಂತೀವಲ್ಲ, ಉದ್ದ ಕೊಕ್ಕು, ಅದು ನಡೀತಾನೇ ಇರತ್ತೆ, ಕುಕ್ಕುತ್ತಾನೇ ಇರತ್ತೆ. ಸ್ಟಿಂಟ್, ಸ್ನೈಪ್ ಇಂಥವುಗಳ ಕೊಕ್ಕಿನ ತುದಿಗೆ ಸ್ಪರ್ಶದ ನರಗಳು ಜಾಸ್ತಿ, ಕಣ್ಣಿಗೆ ಕಾಣದ ಹುಳನ ಕೆಸರೊಳಗೆ ಕೊಕ್ಕಿಂದಲೇ ತಡವಿ ಹಿಡೀತವೆ. ಹಾಗಾಗಿ ಅವು ಬೆಳದಿಂಗಳಲ್ಲೂ ತಿನ್ನಬಲ್ಲವು.

ಈ ಸೀಸನ್‌ಗೆ ನೀವು ಮೂರೇ ಮೂರು ಗೊರವ ಕಲೀರಿ, ಸಾಕು, ನಮ್ಮ ಹಾಸನ, ಚಿಕ್ಕಮಗಳೂರು ಎರಡು ಜಿಲ್ಲೇಲಿ ಮಳೆಗಾಲದಲ್ಲಿ ಜಾಸ್ತಿ ಕಾಣೋದು ಇವೇ. ಕಾಮನ್ ಸ್ಯಾಂಡ್‌ಪೈಪರ್ ಸೊಂಟ ಕುಣಿಸೋದನ್ನ ನಿಲ್ಲಿಸೋದೇ ಇಲ್ಲ, ಸಿಪಿಲೆ ಹಕ್ಕಿ ಥರ, ಹೊಟ್ಟೆಯ ಬಿಳಿ ಬಣ್ಣ ರೆಕ್ಕೆಯ ಮುಂದಿಂದ ಭುಜದ ಕಡೆಗೆ ಒಂದು ಬೆರಳು ಏರಿರತ್ತೆ, ಹಾರಿದ್ರೆ ನೀರಿಗೆ ತಾಗೋ ಹಾಗೆ ಕೆಳಗೇ, ರೆಕ್ಕೆ ಪಟಪಟ ನಡುಗಿಸಿ ಸ್ವಲ್ಪ ತೇಲಿ ಮತ್ತೆ ನಡುಗಿಸಿ ಹೋಗತ್ತೆ. ಇದಕ್ಕೆ ಕೆಸರೇ ಬೇಕು ಅಂತಿಲ್ಲ, ಯಗಚಿ ಹಿನ್ನೀರಿನ ಕಲ್ಲಂಚು, ಕೋಡಿ ಕಲ್ಲು, ನಾಲೆಯ ಸಿಮೆಂಟ್ ದಂಡೆ ಎಲ್ಲಾದ್ರೂ ಇರತ್ತೆ. ಅಂದ್ರೆ ಗೊರೂರಲ್ಲಿ ನಿಮಗೆ ತಪ್ಪಿಹೋದದ್ದು ಬಹುಶಃ ಇದೊಂದೇ. ಗ್ರೀನ್ ಸ್ಯಾಂಡ್‌ಪೈಪರ್ ಒಂಟಿ, ಗದ್ದೆಯ ಕಾಲುವೆ, ತೋಟದ ಹೊಂಡ, ಹಳ್ಳದ ಮಡುವಲ್ಲಿ ಅಡಗಿರತ್ತೆ, ಬೆನ್ನು ತುಂಬಾ ಕಪ್ಪು, ನಮ್ಮ ಹೆಜ್ಜೆ ಸದ್ದಿಗೆ ಗಾಬರಿಯಾಗಿ ಟ್ಲೂಯಿ-ವೀಟ್-ವೀಟ್ ಅಂತ ಕೂಗಿ ನೆಟ್ಟಗೆ ಮೇಲೆ ಎದ್ದಾಗ ಸೊಂಟದ ಹತ್ರ ಹಚ್ಚ ಬಿಳುಪು ಹೊಳೆಯತ್ತೆ, ರೆಕ್ಕೆಯ ಒಳಭಾಗ ಕಪ್ಪು. ವುಡ್ ಸ್ಯಾಂಡ್‌ಪೈಪರ್‌ಗೂ ಸೊಂಟ ಬಿಳಿ, ಆದ್ರೆ ರೆಕ್ಕೆಯ ಒಳಗೆ ಮಸುಕು ಬಿಳಿ, ಬೆನ್ನ ಮೇಲೆ ಚುಕ್ಕೆ ಚೆನ್ನಾಗಿ ಕಾಣತ್ತೆ, ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೆ ಹೋಗಿರತ್ತೆ, ಕಾಲು ಹಳದಿ ಛಾಯೆ, ಕೂಗು ಚಿಪ್-ಚಿಪ್-ಚಿಪ್ ಅಂತ ಒಣ ಸದ್ದು. ಕಿವಿಯನ್ನ ನಂಬಿ, ಗದ್ದೆಯಲ್ಲಿ ಮೊದಲು ಕೂಗು ಕೇಳತ್ತೆ, ಆಮೇಲೆ ಹಕ್ಕಿ ಕಾಣತ್ತೆ.

ಈ ಮೂರು ಕೈಗೆ ಸಿಕ್ಕ ಮೇಲೆ ಉಳಿದವು ಸುಲಭ. ಲಿಟಲ್ ಸ್ಟಿಂಟ್ ಕಾಲು ಕಪ್ಪು, ಟೆಮಿಂಕ್ಸ್ ಸ್ಟಿಂಟ್ ಕಾಲು ಹಳದಿ ಹಸಿರು. ಲಿಟಲ್ ರಿಂಗ್ಡ್ ಪ್ಲೋವರ್‌ಗೆ ಕಣ್ಣ ಸುತ್ತ ಹಳದಿ ಉಂಗುರ. ಮಾರ್ಷ್ ಸ್ಯಾಂಡ್‌ಪೈಪರ್ ಕೊಕ್ಕು ಸೂಜಿ ಥರ ನೇರ, ಗ್ರೀನ್‌ಶಾಂಕ್ ಕೊಕ್ಕು ದಪ್ಪ, ಸ್ವಲ್ಪ ಮೇಲಕ್ಕೆ ಬಾಗಿರತ್ತೆ. ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿ ಕಂಡ್ರೆ ಅದನ್ನ ಅಳತೆಗೋಲು ಮಾಡ್ಕೊಳಿ, ಅದರ ಮೊಣಕಾಲು ತನಕ ನೀರಿದ್ದ ಜಾಗದಲ್ಲಿ ಸ್ಟಿಂಟ್ ಇರಲ್ಲ, ಅಂಚಿಗೆ ನೋಡಿ.

ಬೈನಾಕ್ಯುಲರ್ 8x42 ಸಾಕು, ಅಂದ್ರೆ ಎಂಟು ಪಟ್ಟು ದೊಡ್ಡದಾಗಿ ತೋರ್ಸೋ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಇರೋದು. ಬೆಳಿಗ್ಗೆ ಆರೂವರೆಯಿಂದ ಒಂಬತ್ತರ ಒಳಗೆ, ಸೂರ್ಯ ನಿಮ್ಮ ಬೆನ್ನಿಗಿರೋ ಹಾಗೆ ಪೂರ್ವದ ಕಡೆ ನಿಂತ್ಕೊಳಿ, ಎದುರು ಬಿಸಿಲಲ್ಲಿ ಎಲ್ಲಾ ಹಕ್ಕಿನೂ ಕಪ್ಪೇ.

ಆದ್ರೆ ಒಂದು ಎಚ್ಚರಿಕೆ. ಆಲೂರು, ಸಕಲೇಶಪುರ, ಬೇಲೂರು ಕಡೆ ಗದ್ದೆಗೆ ಆನೆ ಬರೋ ಊರುಗಳಿವೆ, ಅಲ್ಲಿ ಬೆಳಕು ಪೂರ್ತಿ ಹರಿಯೋ ಮುಂಚೆ ಇಳೀಲೇಬೇಡಿ, ಹಿಂದಿನ ದಿನವೇ ಊರೋರನ್ನ ವಿಚಾರಿಸಿ, ಮಕ್ಕಳನ್ನಂತೂ ಆ ಕಡೆ ಕರ್ಕೊಂಡು ಹೋಗ್ಬೇಡಿ, ಮಕ್ಕಳಿಗೆ ಕಡೂರು ಬಯಲೇ ಸರಿ. ಅಲ್ಲೂ ಕೆರೆ ಅಂಗಳದ ಹೂಳು ಮೇಲೆ ಒಣಗಿದ ಹಾಗೆ ಕಂಡ್ರೂ ಒಳಗೆ ಮೊಣಕಾಲು ತನಕ ಹೂತು ಹೋಗತ್ತೆ, ಮಣ್ಣಿಗೆ ಗುಂಡಿ ತೋಡಿರ್ತಾರೆ, ಅದರಲ್ಲಿ ನೀರು ತುಂಬಿದ್ರೆ ಆಳ ಗೊತ್ತಾಗಲ್ಲ. ಹುಲ್ಲು ಬೆಳೆದಿರೋ ಗಟ್ಟಿ ನೆಲ ಬಿಟ್ಟು ಮಕ್ಕಳು ಕೆಳಗಿಳಿಯಬಾರ್ದು. ಗದ್ದೆ ಬದು ಮೇಲೆ ಹೋಗೋ ಮುಂಚೆ ಯಜಮಾನರನ್ನ ಕೇಳಿ, ಹೊಸ ಬದು ಮೆತ್ತಗಿರತ್ತೆ, ತುಳಿದ್ರೆ ಅವರ ನೀರು ಸೋರಿ ಹೋಗತ್ತೆ.

ಐದೈದು ಮಕ್ಕಳ ಗುಂಪು ಮಾಡಿ ಕೂರಿಸಿ. ನಿಲ್ಲಿಸ್ಬೇಡಿ, ಕೂರಿಸಿ, ನಿಂತ ಮನುಷ್ಯ ಆಕಾಶಕ್ಕೆ ಎದ್ದು ಕಾಣ್ತಾನೆ. ಒಂದು ಗುಂಪಿಗೆ ಒಂದೇ ಹಕ್ಕಿ ಕೊಡಿ, ಹತ್ತು ನಿಮಿಷದಲ್ಲಿ ಎಷ್ಟು ಸಲ ಕುಕ್ಕಿತು, ಎಷ್ಟು ಸಲ ನಿಂತಿತು ಅಂತ ಎಣಿಸ್ಲಿ, ಪ್ಲೋವರ್ ಎಣಿಸಿದ ಗುಂಪಿಗೂ ಗೊರವ ಎಣಿಸಿದ ಗುಂಪಿಗೂ ಲೆಕ್ಕದಲ್ಲೇ ವ್ಯತ್ಯಾಸ ಬರತ್ತೆ, ನಾನು ಮೇಲೆ ಹೇಳಿದ ಮನೆತನದ ಪಾಠನ ಅವರೇ ಕಂಡುಕೊಳ್ತಾರೆ. ಫೋಟೋಗೆ ಹತ್ರ ಹೋಗೋದು ಬೇಡ. ಸುಮಾರು ವರ್ಷದ ಹಿಂದೆ ಕಡೂರು ಕಡೆಯ ಒಂದು ಕೆರೇಲಿ ಸ್ಟಿಂಟ್‌ಗಳ ಗುಂಪನ್ನ ಒಳ್ಳೆ ಫೋಟೋ ಆಸೆಗೆ ನಾಲ್ಕು ಸಲ ಎಬ್ಬಿಸಿದ್ದೆ, ನಾಲ್ಕನೇ ಸಲ ಎದ್ದವು ಕೆರೆಗೆ ಒಂದು ಸುತ್ತು ಹಾಕಿ ಹೊರಟೇ ಹೋದವು, ಮಾರನೇ ದಿನ ಹೋದ್ರೂ ಇರ್ಲಿಲ್ಲ. ಆರ್ಕ್ಟಿಕ್‌ನಿಂದ ಬಂದು, ಕರಗಿದ ಕೊಬ್ಬನ್ನ ತುಂಬಿಸ್ಕೊಳ್ಳೋಕೆ ಇಳಿದಿದ್ದ ಹಕ್ಕಿಗೆ ನಾನು ಮಾಡಿದ್ದು ಇದು. ಅದಾದ್ಮೇಲೆ ಒಂದು ಜಾಗದಲ್ಲಿ ಕೂತ್ರೆ ಏಳೋದಿಲ್ಲ, ಅರ್ಧ ಗಂಟೆಯಲ್ಲಿ ಅವೇ ತಿನ್ಕೊಂಡು ಹತ್ರ ಬರ್ತವೆ, ಕೆಲವು ಸಲ ಹದಿನೈದು ಅಡಿ ತನಕ.

ಇನ್ನೊಂದು ಮಾತು ಹೇಳ್ದೆ ಇರೋಕಾಗಲ್ಲ. ಕೆರೆ ಅಭಿವೃದ್ಧಿ ಅಂತ ಜೆಸಿಬಿ ಇಳಿಸಿ ಸುತ್ತಲೂ ಒಂದೇ ಆಳಕ್ಕೆ ತೆಗೆದು, ಅಂಚಿಗೆ ಕಲ್ಲು ಕಟ್ಟಿ ವಾಕಿಂಗ್ ಪಾತ್ ಮಾಡ್ತಾರಲ್ಲ, ಅದರಲ್ಲಿ ನೀರು ನಿಲ್ಲತ್ತೆ, ಬಾತು ಬರ್ಬಹುದು, ಆದ್ರೆ ಈ ಹಕ್ಕಿಗಳ ಪಾಲಿಗೆ ಆ ಕೆರೆ ಮುಗೀತು. ಹೂಳು ತೆಗೀಬೇಡಿ ಅಂತ ನಾನು ಹೇಳಲ್ಲ, ಬೋರ್‌ವೆಲ್ ಬತ್ತಿದ ಊರಿಗೆ ಹೂಳೆತ್ತಿದ ಕೆರೆ ಜೀವ. ಆದ್ರೆ ಏರಿ ಕಡೆ ಆಳ ಮಾಡಿ, ಹಳ್ಳ ಸೇರೋ ಕಡೆ ಇಳಿಜಾರನ್ನ ಹಾಗೇ ಬಿಟ್ರೆ ರೈತರಿಗೂ ನೀರು ಸಿಗತ್ತೆ, ದನ ಇಳಿಯೋಕೂ ಆಗತ್ತೆ, ಹಕ್ಕಿಗೂ ಜಾಗ ಉಳಿಯತ್ತೆ. ನಿಮ್ಮೂರ ಪಂಚಾಯ್ತಿಯಲ್ಲಿ ಇಂಥ ಕೆಲಸ ಬಂದಾಗ ಈ ಒಂದು ಮಾತು ದಯವಿಟ್ಟು ಹೇಳಿ, ಕೆಲಸ ಶುರು ಆಗೋ ಮುಂಚೆ ಹೇಳಿ.

ಗೊರೂರು ಹಿನ್ನೀರನ್ನೂ ಬಿಡ್ಬೇಡಿ, ಅದಕ್ಕೆ ಬೇರೆ ಕಾಲ ಇದೆ. ಪೇಪರ್‌ನಲ್ಲಿ ದಿನಾ ಜಲಾಶಯದ ಮಟ್ಟ ಹಾಕ್ತಾರೆ ನೋಡಿ, ಹೇಮಾವತಿಯ ಪೂರ್ತಿ ಮಟ್ಟ 2922 ಅಡಿ. ಅದು ಹತ್ತು ಹದಿನೈದು ಅಡಿ ಇಳಿದಿದೆ ಅಂತ ಕಂಡ ವಾರ ಹೊರಡಿ, ಸಾಮಾನ್ಯವಾಗಿ ಬೇಸಿಗೆ ಶುರುವಾಗೋ ಹೊತ್ತಿಗೆ. ಶೆಟ್ಟಿಹಳ್ಳಿಯ ಹಳೇ ಚರ್ಚ್ ನೀರಲ್ಲಿ ನಿಂತಿದ್ರೆ ಹಕ್ಕಿಗೆ ಜಾಗ ಇಲ್ಲ ಅಂತ, ಅದರ ಗೋಡೆ ತನಕ ನಡ್ಕೊಂಡು ಹೋಗೋ ಹಾಗಿದ್ರೆ ಸುತ್ತಲೂ ಕೆಸರು ತೆರೆದಿದೆ ಅಂತ ಅರ್ಥ. ಮಾರ್ಚ್ ಏಪ್ರಿಲ್‌ನಲ್ಲಿ ಉತ್ತರಕ್ಕೆ ವಾಪಸ್ ಹೊರಡೋ ಮುಂಚೆ ಹೊಟ್ಟೆ ತುಂಬಿಸ್ಕೊಳ್ಳೋ ಹಕ್ಕಿಗಳನ್ನ ಆ ದಂಡೇಲಿ ಹುಡುಕಿ. ಆಗಸ್ಟ್‌ನಲ್ಲಿ ಮಾಸಿದ ಕಂಬಳಿ ಥರ ಬಂದಿದ್ದವು ಆ ಹೊತ್ತಿಗೆ ಹೊಸ ಗರಿ ಹಾಕ್ಕೊಂಡಿರ್ತವೆ, ಗೋಲ್ಡನ್ ಪ್ಲೋವರ್ ಸಿಕ್ರೆ ಹೊಟ್ಟೆ ಕಪ್ಪಾಗೋಕೆ ಶುರುವಾಗಿರತ್ತೆ, ಬೆನ್ನಿನ ಚಿನ್ನದ ಚುಕ್ಕೆ ಬೆಳಗಿನ ಬಿಸಿಲಿಗೆ ದೂರದಿಂದಲೇ ಕಾಣತ್ತೆ.